ಬ್ಲೇಡಿನ ಸಪಾಟ ಮಾರಿ

ಮೊದಲ ಸ್ವಿಚ್ಚಲ್ಲ, ಪ್ಲಗ್ಗು.
ಕಿತ್ತು ಈ ಮೊಳಿಗೆ ತೂಗಹಾಕು, ಕಣ್ಣಿಗೆ ಕಾಣೂ ಹಂಗ.
ಹಾಕಿದಿ? ಈಗ ಕೈ ಹಚ್ಚು.

ಇದು ಉಂಗರ. ಹಸಿ ಕೈಲೆ ತಿರುಗಂಗಿಲ್ಲ, ಅರಿವಿ ತೊಗೋ.
ಇದು ತೂತಿನ ಬಿಲ್ಲೆ. ಇದು ಬ್ಲೇಡು, ನಾಕು ರೆಕ್ಕಿದು.
ಹಿಂದಿಂದು ಸುರುಳಿ. ಅರ್ಮಿಂದಾ ಬಾಯ್ ಅದಕ್ಕ
ಕಾರಾಕೋಲ್ ಅಂತಾರ, ಪೋರ್ತುಗೀಸದಾಗ ಬಸವನಹುಳ.
ಕೇಳಿ ನಾ ಮೂರು ದಿನ ನಕ್ಕೇನಿ.
ನಮ್ಮ ಬಸವಣ್ಣನ ಹೆಸರು ಹೊತ್ತ ಹುಳ
ವಾಸ್ಕೋದಾಗ ಮಾಂಸ ನೂಕಾಕತ್ತೈತಿ,
ಬೆಳಿಗ್ಗೆ ನಾಕರಿಂದ.

ಎಲ್ಲಾ ಅರ್ಧ ತಾಸು ಫ್ರೀಜರಿನಾಗ ಇಡು. ಮಾಂಸನೂ.
ಕೈಗೆ ಚುಚ್ಚೂ ಅಷ್ಟು ತಂಪ ಇರಬೇಕು.
ಬೆಚ್ಚಗಾತಂದ್ರ ಕೊಬ್ಬು ಬೆವರತೈತಿ,
ಎಳಿ ಎಳಿ ಇಳೀಬೇಕಾದ್ದು
ಅಂಬಲಿ ಹಂಗ ಜಿನಗತೈತಿ.
ಊರಾಗಿನ ಶಾವಿಗಿ ಮಷೀನು ನೆನಪೈತಿ,
ಓಣಿ ತುಂಬ ಮನಿಯಿಂದ ಮನಿಗೆ ಅಡ್ಡಾಡತಿತ್ತಲ್ಲ?
ಅದರ ಅಣ್ಣ ಇದು.

ಕೈ ಹಾಕಬ್ಯಾಡ. ಗೂಟ ಐತಿ.
ಗೂಟದ ತುದಿ ನೋಡು, ಎಷ್ಟು ಕಚ್ಚಿಸಿಕೊಂಡೈತಿ.
ಅದು ಅತ್ತಿಲ್ಲ, ದವಾಖಾನಿ ಚೀಟಿ ಕೇಳಿಲ್ಲ.

ನಾ ತಿನ್ನಂಗಿಲ್ಲ. ಕೊರಳಾಗ ಲಿಂಗ ಐತಿ.
ಹತ್ತೊಂಬತ್ತು ವರ್ಷದಾಗ ನಾಲಿಗಿ ಮ್ಯಾಲ ಇಟ್ಟಿಲ್ಲ.
ಅಣ್ಣಿಗೇರ್ಯಾಗ ಬೇಕರಿ ಕೆಲಸ ಅಂತ ಹೇಳೇನಿ.
ಪೂರಾ ಸುಳ್ಳಲ್ಲ. ಕಡೀಕ ಎರಡು ತುಂಡು ಒಣಾ ಪಾವು ಹಾಕಿ
ಇದರ ಹೊಟ್ಟಿ ಖಾಲಿ ಮಾಡ್ತೇನಿ,
ಅಷ್ಟು ಬೇಕರಿ.
ರುಚಿ ಕಿವಿಲೆ ನೋಡ್ತೇನಿ.
ಚಲೋ ಬ್ಲೇಡು ಎಮ್ಮಿ ಹಸಿ ಹುಲ್ಲು ಮೇದಂಗ ಸಪ್ಪಳ ಮಾಡತೈತಿ,
ಮೊಂಡಾದ್ದು ಗೊರಕಿ ಹೊಡೀತೈತಿ.
ನರ ಸುತ್ತಿಕೊಂಡ್ರ ಒಂದು ಸಣ್ಣ ಕೆಮ್ಮು,
ಆಮ್ಯಾಲ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕ ಹೆದರು.

ಬಂದ ಮೊದಲ ತಿಂಗಳು ಬ್ಲೇಡು ಉಲ್ಟಾ ಹಾಕಿದ್ದೆ.
ಚಿಕಾಲಿಮ್‌ನಾಗ ಮದವಿ, ನಾಕನೂರು ಕ್ರೊಕೆಟ್ಟು.
ಎರಡು ತಾಸು ಮೋಟರು ನರಳತು,
ಬಂದದ್ದು ಬೂದಿ ಬಣ್ಣದ ರಾಡಿ.
ಬಾಯ್ ಒಂದು ಕರದು ಕಚ್ಚಿದ್ರು. ಬೈಲಿಲ್ಲ.
ಬಾಯಾಗಿಂದ ತಗದು ನನ್ನ ಅಂಗೈಯಾಗ ಇಟ್ಟರು.
ಸಂಜೀಕ ಆ ದಿನದ ಪಗಾರ ಪೂರಾ ಕೊಟ್ಟರು.
ಬೈದಿದ್ರ ಮಲಗತಿದ್ದೆ.

ಸಪಾಟ ಮಾರಿ ಬಿಲ್ಲೆ ಕಡೆ. ಬೆನ್ನು ಸುರುಳಿ ಕಡೆ.
ಒಂದು ಬ್ಲೇಡಿಗೆ ಒಂದ ಬಿಲ್ಲೆ,
ಒಂದನ್ನೊಂದು ಸವಿಸಿಕೊಂಡು ಕೂಡ್ಯಾವ.
ಅದಲ ಬದಲ ಮಾಡಿದ್ರ ಎರಡೂ ಕೆಡತಾವ.
ಬಾಯ್‌ನ ಉಗುರಬಣ್ಣಲೆ ಗುರ್ತು ಹಾಕೇನಿ,
ಕೆಂಪಿಗೆ ಕೆಂಪು, ಗುಲಾಬಿಗೆ ಗುಲಾಬಿ.
ಹದಿನೈದು ದಿನಕ್ಕೊಮ್ಮೆ ಗ್ಲಾಸಿನ ಮ್ಯಾಲ ಪಾಲೀಸ ಕಾಗದ ಹಾಸಿ
ಎಣ್ಣಿ ಬಿಟ್ಟು ತಿಕ್ಕು, ಎಂಟು ಬರದಂಗ.
ಕನ್ನಡದ ೮ ಅಲ್ಲೋ, ಅದು ಬಾಯಿ ತಕ್ಕೊಂಡು ಕುಂದರತೈತಿ.
ಇಂಗ್ಲೀಷಿಂದು, ಹೊಂಟಲ್ಲೇ ಬಂದು ಸೇರೂದು.

ತೊಳಿಯಾಕ ಮೊದಲ ತಣ್ಣೀರು, ಆಮ್ಯಾಲ ಬಿಸಿ.
ಬಿಸಿನ ಮೊದಲ ಹಾಕಿದ್ರ ರಕ್ತ ಬೆಂದು ಕಬ್ಬಿಣಕ್ಕ ಹತ್ತತೈತಿ,
ಬೆಳತನಕ ಕೆರದರೂ ಬಿಡಂಗಿಲ್ಲ.
ಒರಸು. ಎಣ್ಣಿ ಸವರು. ಅಕ್ಕಿ ಡಬ್ಬಿಯಾಗ ಹುಗಿ,
ಇಲ್ಲಿ ಹವಾಕ್ಕ ಒಂದ ರಾತ್ರಿ ಸಾಕು ತುಕ್ಕು ಹಿಡಿಯಾಕ.
ಮಷೀನಿಗೆ ಎರಡು ಪದರ ಅರಿವಿ ಹೊಚ್ಚು.
ಬಂದರದ ಕಲ್ಲಿದ್ದಲ ಧೂಳಿ ಕಿಡಕಿ ಹಾಕಿದ್ರೂ ಬರತೈತಿ,
ನನ್ನ ತಲಿ ಮ್ಯಾಲಿನ ಕರಿ ಅರ್ಧ ಅದ.

ಈಗ ನೀ ಜೋಡಸು. ನಾ ಗ್ವಾಡಿ ಕಡೆ ಮಾರಿ ಮಾಡ್ತೇನಿ.
ಉಂಗರ ಬಿಗಿ, ಆದರ ಜೀವ ತಗಿಯೂ ಅಷ್ಟು ಬ್ಯಾಡ.
ಖಾಲಿ ಓಡಸಬ್ಯಾಡ, ಒಂದು ತುಂಡು ಕೊಬ್ಬು ಹಾಕು.
ಹೂಂ. ಚಾಲೂ ಮಾಡು.

ಬಂದ್ ಮಾಡು, ಫಕ್ಕೀರೇಶ.
ಬೆನ್ನು ತೋರಸಾಕತ್ತೈತಿ.
ಏ, ಕೈ ತಗಿ.
ಮೊದಲ ಪ್ಲಗ್ಗು.